ಬೋನ್‌ಯಾರ್ಡಿನ ಮಣ್ಣು

ವಿಸ್ಲರ್‌ನ ಅಂಗಡಿಬೀದಿಯಲ್ಲಿ ಹೆಜ್ಜೆ ಹಾಕುತ್ತಿರುವಾಗಲೇ ದನದ ಕೊರಳಗಂಟೆಗಳ ಸದ್ದು ಶುರುವಾಗುತ್ತದೆ. ದನ ಮಾತ್ರ ಎಲ್ಲೂ ಕಾಣುವುದಿಲ್ಲ. ಕಾಫಿ ಅಂಗಡಿ, ಬಾಡಿಗೆ ಸೈಕಲ್ಲಿನ ಮಳಿಗೆ, ಐಸ್‌ಕ್ರೀಮಿಗೆ ನಿಂತ ಮಕ್ಕಳ ಸಾಲು ದಾಟಿ ಸ್ಕೀಯರ್ಸ್ ಪ್ಲಾಜಾ ಎಂಬ ಬಯಲಿಗೆ ಬಂದರೆ ಗುಟ್ಟು ಬಯಲಾಗುತ್ತದೆ. ಗಂಟೆ ಅಲ್ಲಾಡಿಸುತ್ತಿರುವವರು ಮನುಷ್ಯರು. ಬೆಟ್ಟದ ಬುಡದಿಂದ ಮೇಲಕ್ಕೆ ಹುಲ್ಲು ಕಾಣದಂತೆ ಕೂತವರು, ನಿಂತವರು, ಬೇಲಿಗೆ ಒರಗಿದವರು, ಅಪ್ಪನ ಹೆಗಲೇರಿದವರು. ಸಂಘಟಕರು 30 ಸಾವಿರ ಮಂದಿ ಎನ್ನುವುದುಂಟು. ಜಾತ್ರೆಯ ಲೆಕ್ಕವನ್ನು ಜಾತ್ರೆ ನಡೆಸುವವರಿಂದ ಕೇಳಬಾರದು ಎಂಬುದು ನಿಜವೇ. ಆದರೂ ಸುಮಾರು 14 ಸಾವಿರ ಜನ ಖಾಯಮ್ಮಾಗಿ ಬಾಳುವ ಈ ಊರಿನಲ್ಲಿ ಅದಕ್ಕಿಂತ ದೊಡ್ಡ ಊರೊಂದು ಗುಡ್ಡದ ಪಕ್ಕೆಗೆ ಅಂಟಿಕೊಂಡು ಕೂತಿದೆ ಎನ್ನಲು ಕಣ್ಣೇ ಸಾಕು.

ಎಲ್ಲರ ಮುಖವೂ ಮೇಲಕ್ಕೆ ತಿರುಗಿದೆ. ಅಲ್ಲಿ, ಇಳಿಜಾರಿನ ನೆತ್ತಿಯಲ್ಲಿ, ಮರದ ಅಟ್ಟಣೆಯೊಂದರ ಮೇಲೆ ನಾಲ್ಕೈದು ಹುಡುಗರು ಸೈಕಲ್ಲಿನ ಮೇಲೆ ಅರ್ಧ ಕೂತು ಅರ್ಧ ನಿಂತು ಗಾಳಿಯನ್ನು ನೋಡುತ್ತಿದ್ದಾರೆ. ಗಾಳಿಯನ್ನು ನೋಡುವುದು ಹೇಗೆ? ಇಳಿಜಾರಿನುದ್ದಕ್ಕೂ ನೆಟ್ಟ ಬಟ್ಟೆಯ ಬಾವುಟಗಳಿವೆ. ಅವು ಪಟಪಟಿಸುತ್ತಿದ್ದರೆ ಯಾರೂ ಇಳಿಯುವುದಿಲ್ಲ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ವ್ಯಾಂಕೂವರಿನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿರುವ ಬೆಟ್ಟದೂರು ಇದು. ಸ್ಕ್ವಾಮಿಶ್ ಮತ್ತು ಲಿಲ್‌ವಾಟ್ ಮೂಲನಿವಾಸಿಗಳ ನೆಲ. 1966ರಲ್ಲಿ ಇಲ್ಲಿ ಸ್ಕೀ ಆಟ ಶುರುವಾಯಿತು, 2010ರಲ್ಲಿ ಚಳಿಗಾಲದ ಒಲಿಂಪಿಕ್ಸ್‌ನ ಬೆಟ್ಟದ ಪಂದ್ಯಗಳು ನಡೆದವು. ಹಿಮ ಕರಗಿದ ಮೇಲೆ ಚೇರ್‌ಲಿಫ್ಟುಗಳು ಸುಮ್ಮನೆ ತೂಗಾಡುವುದನ್ನು ನೋಡಿ ಯಾರಿಗೋ ಕೈ ಕಡಿಯಿತು. ಸ್ಕೀ ಹೊರುವ ಲಿಫ್ಟು ಸೈಕಲ್ಲನ್ನೂ ಹೊರಬಾರದೇಕೆ? 1999ರಲ್ಲಿ ಅಧಿಕೃತವಾಗಿ ಸೈಕಲ್ ಪಾರ್ಕ್ ತೆರೆಯಿತು. ಈಗ ಬೇಸಿಗೆಯಲ್ಲಿ ಮೈತುಂಬ ಪ್ಯಾಡು ಕಟ್ಟಿದ ಜನ ಫಿಟ್ಸ್‌ಸಿಮನ್ಸ್ ಲಿಫ್ಟಿನಲ್ಲಿ ಮೇಲೇರಿ, ಧೂಳೆಬ್ಬಿಸಿ ಇಳಿದು, ಮತ್ತೆ ಲಿಫ್ಟಿನ ಸಾಲಿಗೆ ನಿಲ್ಲುತ್ತಾರೆ. ಕುರ್ಚಿಯಿಂದ ಕೆಳಗೆ ನೋಡಿದರೆ ಒಮ್ಮೊಮ್ಮೆ ಕಪ್ಪು ಕರಡಿ ಹುಲ್ಲು ಮೇಯುತ್ತಿರುತ್ತದೆ. ಯಾವ ಗದ್ದಲಕ್ಕೂ ಅದು ತಲೆ ಎತ್ತುವುದಿಲ್ಲ.

ಬೇಸಿಗೆಯಲ್ಲಿ ಹತ್ತು ದಿನಗಳ ಆಸುಪಾಸು ಇಲ್ಲಿ ಕ್ರ್ಯಾಂಕ್‌ವರ್ಕ್ಸ್ ಹಬ್ಬ. ಕಡಿದಾದ ದಾರಿಯಲ್ಲಿ ಗಡಿಯಾರದ ಎದುರು ಇಳಿಯುವ ಡೌನ್‌ಹಿಲ್, ಜೋಡಿಯಾಗಿ ಓಡುವ ಡ್ಯುಯಲ್ ಸ್ಲಾಲಮ್, ಪೆಡಲ್ ತುಳಿಯದೆ ದಿಬ್ಬಗಳನ್ನು ದಾಟಿ ಸುತ್ತುವ ಪಂಪ್‌ಟ್ರ್ಯಾಕ್, ಎಲ್ಲವೂ ಇವೆ. ಆದರೆ ಊರು ತುಂಬುವುದು ಸ್ಲೋಪ್‌ಸ್ಟೈಲ್ ದಿನ. ಪ್ರಾಯೋಜಕರ ಹೆಸರು ಹೊತ್ತ ಅದರ ಪೂರ್ತಿ ಹೆಸರು ರೆಡ್ ಬುಲ್ ಜಾಯ್‌ರೈಡ್. ಇಳಿಜಾರಿನ ಮೇಲೆ ಕಟ್ಟಿದ ದಿಬ್ಬ, ಮರದ ಅಟ್ಟಣೆ, ಇಳಿಹಲಗೆಗಳ ಸಾಲನ್ನು ಒಂದೇ ಓಟದಲ್ಲಿ ದಾಟಬೇಕು. ಪ್ರತಿ ನೆಗೆತದಲ್ಲೂ ಸೈಕಲ್ಲನ್ನೋ ತನ್ನನ್ನೋ ಎರಡನ್ನೂ ಒಟ್ಟಿಗೋ ತಿರುಗಿಸಬೇಕು. ತೀರ್ಪುಗಾರರು ನೂರಕ್ಕೆ ಅಂಕ ಹಾಕುತ್ತಾರೆ. ಎರಡು ಅವಕಾಶ, ಒಳ್ಳೆಯದೊಂದು ಲೆಕ್ಕಕ್ಕೆ. ಆಟದ ನಿಯಮ ಇಷ್ಟೇ.

ಈ ಅಂಗಳಕ್ಕೆ ಬೋನ್‌ಯಾರ್ಡ್ ಎಂದು ಹೆಸರು. ನೋಡಬಂದವರು ಆಕಾಶದಲ್ಲಿ ನಡೆಯುವುದನ್ನು ನೋಡುತ್ತಾರೆ. ಗೆಲುವು ಸೋಲು ನಿಶ್ಚಯವಾಗುವುದು ಮಾತ್ರ ಮಣ್ಣಿನಲ್ಲಿ. ಸ್ಪರ್ಧೆಗೆ ವಾರಗಳ ಮುಂಚೆ ಇಲ್ಲಿಗೆ ಜೆಸಿಬಿಯಂಥ ಯಂತ್ರಗಳು ಬರುತ್ತವೆ. ಯಂತ್ರ ಗುಡ್ಡೆ ಹಾಕಿದ ಮೇಲೆ ಮನುಷ್ಯರು ಸಲಿಕೆ ಹಿಡಿಯುತ್ತಾರೆ. ಕಲ್ಲು ಆರಿಸಿ, ಜರಡಿ ಹಿಡಿದು, ಪೈಪಿನಲ್ಲಿ ನೀರು ಸಿಂಪಡಿಸಿ, ಸಲಿಕೆಯ ಬೆನ್ನಿನಿಂದ ತಟ್ಟಿ ತಟ್ಟಿ ದಿಬ್ಬದ ಮೈಯನ್ನು ನುಣ್ಣಗೆ ಮಾಡುತ್ತಾರೆ. ಸುಗ್ಗಿಗೆ ಮುಂಚೆ ಕಣ ಮಾಡುವುದನ್ನು ಕಂಡವರಿಗೆ ಈ ಕೆಲಸ ಹೊಸದೆನಿಸದು. ಅದೇ ಹದ, ಅದೇ ತಾಳ್ಮೆ, ಬಿರುಕು ಬಿಟ್ಟಲ್ಲಿ ಮತ್ತೆ ನೀರು ಹಾಕಿ ತಟ್ಟುವ ಅದೇ ಬಗ್ಗಿದ ಬೆನ್ನು. ಒಣಗಿದರೆ ಪುಡಿಯಾಗುತ್ತದೆ, ನೆನೆದರೆ ಚಕ್ರ ಹೂಳುತ್ತದೆ. ರಾತ್ರಿ ಮಳೆಯ ಸೂಚನೆಯಿದ್ದರೆ ಟಾರ್ಪಾಲು ಹೊದಿಸುತ್ತಾರೆ.

ಪ್ರತಿ ನೆಗೆತಕ್ಕೂ ಎರಡು ದಿಬ್ಬ. ಒಂದು ಹಾರಿಸಲು, ಇನ್ನೊಂದು ಇಳಿಸಿಕೊಳ್ಳಲು. ದೊಡ್ಡವುಗಳಲ್ಲಿ ನಡುವಿನ ಖಾಲಿ ಹತ್ತು ಮೀಟರಿಗೂ ಮಿಕ್ಕುತ್ತದೆ. ಹಾರಿಸುವ ದಿಬ್ಬದ ತುದಿಗೆ ಸವಾರರು ಲಿಪ್ ಎನ್ನುತ್ತಾರೆ. ಅದರ ಬಾಗು ತುಸು ಹೆಚ್ಚು ನೆಟ್ಟಗಾದರೆ ಸೈಕಲ್ಲು ಎತ್ತರಕ್ಕೆ ಚಿಮ್ಮಿ ಆಚೆ ದಡ ಸೇರುವುದಿಲ್ಲ. ತುಸು ಚಪ್ಪಟೆಯಾದರೆ ದೂರವೇನೋ ಹೋಗುತ್ತದೆ, ಗಾಳಿಯಲ್ಲಿ ತಿರುಗಲು ಸಮಯ ಉಳಿಯುವುದಿಲ್ಲ. ಆಚೆಯ ದಿಬ್ಬದ ಇಳಿಜಾರು ಹಾರಿ ಬರುವ ದಾರಿಯ ಓರೆಗೇ ಹೊಂದಿರಬೇಕು. ಹೊಂದಿದರೆ ಕೆಳಮುಖವಾಗಿ ಬಂದ ವೇಗವೆಲ್ಲ ಮುಂದಕ್ಕೆ ಹೊರಳುತ್ತದೆ, ಮಂಡಿಗೆ ನೋವು ಗೊತ್ತಾಗುವುದಿಲ್ಲ. ಎರಡು ಅಡಿ ಹಿಂದೆ ಬಿದ್ದರೆ ಅದೇ ವೇಗ ಕಣಕಾಲಿನಲ್ಲೂ ಬೆನ್ನುಹುರಿಯಲ್ಲೂ ಮುಗಿಯುತ್ತದೆ.

ಇನ್ನೊಂದು ಮಾತು. ಈ ದಾರಿಯಲ್ಲಿ ಪೆಡಲ್ ತುಳಿದು ವೇಗ ಕೂಡಿಸಿಕೊಳ್ಳಲು ಪುರಸೊತ್ತಿಲ್ಲ. ಮೊದಲ ಅಟ್ಟಣೆಯ ಎತ್ತರ ಕೊಟ್ಟ ವೇಗವನ್ನು ಒಂದು ದಿಬ್ಬದಿಂದ ಇನ್ನೊಂದಕ್ಕೆ ಸಾಗಿಸಿಕೊಂಡು ಹೋಗಬೇಕು. ಎರಡನೆಯ ನೆಗೆತದಲ್ಲಿ ಚಕ್ರ ಒಂದಿಷ್ಟು ಅಡ್ಡವಾಗಿ ಇಳಿದು ಸವೆಸಿದ ವೇಗ ಐದನೆಯ ನೆಗೆತದಲ್ಲಿ ಬಾಕಿ ಕೇಳುತ್ತದೆ. ಆದ್ದರಿಂದಲೇ ಅಭ್ಯಾಸದ ದಿನ ದಾರಿ ತಿಳಿದವನೊಬ್ಬ ಮುಂದೆ, ಹೊಸಬ ಅವನ ಹಿಂದೆಯೇ ಇಳಿಯುತ್ತಾರೆ. ಮುಂದಿನವನ ವೇಗವೇ ಹಿಂದಿನವನಿಗೆ ಅಳತೆ. ನಾಳೆ ಎದುರಾಳಿಯಾಗುವವನಿಗೆ ಇವತ್ತು ವೇಗ ತೋರಿಸಿಕೊಡುವ ಈ ಪದ್ಧತಿ ನನಗೆ ಇಡೀ ಹಬ್ಬದಲ್ಲೇ ತೀರಾ ಇಷ್ಟವಾದದ್ದು.

ಗಾಳಿ ಇನ್ನೂ ನಿಂತಿಲ್ಲ. ಧ್ವನಿವರ್ಧಕದವನು ಹತ್ತು ನಿಮಿಷ ಎನ್ನುತ್ತಾನೆ, ಹಾಡು ಹಾಕುತ್ತಾನೆ, ಮತ್ತೆ ಹತ್ತು ನಿಮಿಷ ಎನ್ನುತ್ತಾನೆ. ಗಾಳಿಯಲ್ಲಿರುವಾಗ ಸೈಕಲ್ಲಿನ ಅಗಲವೆಲ್ಲ ಪಕ್ಕದ ಗಾಳಿಗೆ ಒಡ್ಡಿಕೊಳ್ಳುತ್ತದೆ. ಚಕ್ರ ನೆಲ ಬಿಟ್ಟ ಮೇಲೆ ದಾರಿ ತಿದ್ದಲು ಸವಾರನ ಕೈಯಲ್ಲಿ ಏನೂ ಇಲ್ಲ. ಹೀಗಾಗಿ ಕಾಯುವುದು ಈ ಆಟದ ಭಾಗವೇ. ಜನ ಚಿಪ್ಸ್ ಪೊಟ್ಟಣ ಒಡೆಯುತ್ತಾರೆ, ಬಿಸಿಲಿಗೆ ಕೆಂಪಾದ ಕತ್ತಿಗೆ ಕ್ರೀಮು ಹಚ್ಚಿಕೊಳ್ಳುತ್ತಾರೆ. ಕಾಡ್ಗಿಚ್ಚಿನ ಹೊಗೆ ಕವಿದ ಆಗಸ್ಟುಗಳನ್ನೂ ಈ ಪ್ರಾಂತ್ಯ ಕಂಡಿದೆ. ಇವತ್ತು ಆಕಾಶ ಸ್ವಚ್ಛವಾಗಿದೆ, ದೂರದ ಬ್ಲ್ಯಾಕ್‌ಕೋಮ್ ಶಿಖರದ ಮೇಲೆ ಹಳೆಯ ಹಿಮದ ತುಂಡುಗಳು ಕಾಣುತ್ತಿವೆ.

ಕಾಯುವ ಹೊತ್ತಿನಲ್ಲಿ ಆ ಸೈಕಲ್ಲನ್ನು ಹತ್ತಿರದಿಂದ ನೋಡಬೇಕು. ದೊಡ್ಡ ಹುಡುಗನೊಬ್ಬ ತಮ್ಮನ ಸೈಕಲ್ ಕಸಿದುಕೊಂಡು ಬಂದಂತೆ ಚಿಕ್ಕದಾಗಿ ಕಾಣುತ್ತದೆ. ಬೆಟ್ಟದ ಸೈಕಲ್ಲುಗಳೆಲ್ಲ 27.5 ಮತ್ತು 29 ಇಂಚಿನ ಚಕ್ರಕ್ಕೆ ಹೋಗಿ ವರ್ಷಗಳಾದರೂ ಇದು 26 ಇಂಚಿನಲ್ಲೇ ಉಳಿದಿದೆ. ಚಿಕ್ಕ ಚಕ್ರ ಬೇಗ ತಿರುಗುತ್ತದೆ, ಗಟ್ಟಿಯೂ ಹೌದು. ಗೇರು ಒಂದೇ. ಸೀಟು ಕೂರಲಿಕ್ಕಲ್ಲ, ಮಂಡಿಗೆ ತಾಗದಷ್ಟು ತಗ್ಗು. ಮುಂದಿನ ಫೋರ್ಕಿಗೆ ಎಷ್ಟು ಗಾಳಿ ತುಂಬಿರುತ್ತಾರೆಂದರೆ ನಾವು ಪೂರ್ತಿ ಭಾರ ಬಿಟ್ಟರೂ ಅದು ಬಗ್ಗುವುದು ಅಷ್ಟಕ್ಕಷ್ಟೇ. ತಮಾಷೆ ಇರುವುದು ಬ್ರೇಕಿನಲ್ಲಿ. ಹ್ಯಾಂಡಲ್ಲು ಗಾಳಿಯಲ್ಲಿ ಪೂರ್ತಿ ಸುತ್ತು ತಿರುಗಬೇಕಾದರೆ ಬ್ರೇಕಿನ ಕೊಳವೆ ಅಡ್ಡ ಬರುತ್ತದಲ್ಲ! ಕೆಲವರು ಮುಂದಿನ ಬ್ರೇಕನ್ನೇ ಕಿತ್ತು ಹಾಕುತ್ತಾರೆ. ಹಿಂದಿನ ಬ್ರೇಕಿನ ಕೊಳವೆಯನ್ನು ಉದ್ದ ಬಿಟ್ಟು ಹ್ಯಾಂಡಲ್ಲಿನ ಕೆಳಗೆ ಸುತ್ತಿಡುತ್ತಾರೆ. ಇಷ್ಟು ಕಡಿದಾದ ಇಳಿಜಾರಿನಲ್ಲಿ ಒಂದೇ ಬ್ರೇಕು ಸಾಕೇ ಎಂದು ಕೇಳಿದರೆ, ಬ್ರೇಕು ಹಿಡಿದವನು ಮುಂದಿನ ದಿಬ್ಬ ದಾಟುವುದಿಲ್ಲ ಎಂಬುದೇ ಉತ್ತರ.

ಬಾವುಟಗಳು ಜೋತುಬಿದ್ದವು. ಅಟ್ಟಣೆಯ ಮೇಲೆ ಒಂದು ಕೈ ಎದ್ದಿತು. ಗಂಟೆಗಳು ಒಮ್ಮೆಲೇ ಎದ್ದು, ಅಷ್ಟೇ ಬೇಗ ಅಡಗಿದವು.

ಮೊದಲನೆಯವನು ಅಟ್ಟಣೆಯಿಂದ ಜಾರಿದ. ಇಳಿಹಲಗೆಯ ಅಂಚಿನಲ್ಲಿ ಭುಜ ತಿರುಗಿತು, ಹಿಂದೆಯೇ ಸೈಕಲ್ಲು ತಿರುಗಿತು, ಒಂದು ಪೂರ್ತಿ ಸುತ್ತು, ಚಕ್ರಗಳೆರಡೂ ಒಟ್ಟಿಗೆ ಮಣ್ಣು ಮುಟ್ಟಿದವು. ಎರಡನೆಯ ದಿಬ್ಬದಲ್ಲಿ ಹಿಂದಕ್ಕೆ ಲಾಗ. ತಲೆ ಕೆಳಗಾದ ಆ ಗಳಿಗೆಯಲ್ಲೇ ಕಾಲು ಬಿಟ್ಟ, ಹ್ಯಾಂಡಲ್ಲು ಕೈಯಲ್ಲೇ ಉಳಿಯಿತು, ಉಳಿದ ಸೈಕಲ್ಲು ಅದರ ಸುತ್ತ ಒಂದು ಬಾರಿ ಬೀಸಿ ಬಂದು ಮತ್ತೆ ಕಾಲಿನಡಿ ಸೇರಿತು. ಇದಕ್ಕೆ ಬ್ಯಾಕ್‌ಫ್ಲಿಪ್ ಟೈಲ್‌ವಿಪ್ ಎನ್ನುತ್ತಾರೆ. ಬರೆಯಲು ಇಷ್ಟೆಲ್ಲ ಮಾತು ಬೇಕಾಯಿತು. ಅವನಿಗೆ ಬೇಕಾದದ್ದು ಒಂದು ಉಸಿರಿಗೂ ಕಡಿಮೆ. ಮೂರನೆಯದರಲ್ಲಿ ಮೈ ಒಂದು ಸುತ್ತು ತಿರುಗುತ್ತಿರುವಾಗಲೇ ಕೈಬಿಟ್ಟು ಹ್ಯಾಂಡಲ್ಲನ್ನು ಪ್ರತ್ಯೇಕವಾಗಿ ಒಂದು ಸುತ್ತು ಹಾಕಿಸಿ ಮತ್ತೆ ಹಿಡಿದ. ಟ್ರಕ್ ಡ್ರೈವರ್ ಇದರ ಹೆಸರು. ಕೊನೆಯ ದೊಡ್ಡ ದಿಬ್ಬಕ್ಕೆ ಬರುವಾಗ ವೇಗ ಸಾಲದೇ ಹೋಯಿತೆಂದು ನಮಗಲ್ಲ, ಅವನಿಗೆ ಗೊತ್ತಾಯಿತು. ಅಂದುಕೊಂಡದ್ದನ್ನು ಬಿಟ್ಟು ಸುಮ್ಮನೆ ಒಂದು ಲಾಗ ಹಾಕಿ ಇಳಿದ. ಜನ ಕೂಗಿಕೊಂಡರು. ಅವನು ಹೆಲ್ಮೆಟ್ಟಿನೊಳಗೆ ತಲೆ ಅಲ್ಲಾಡಿಸುತ್ತಿದ್ದ. ಮೊದಲಿಂದ ಕೊನೆಯವರೆಗೆ ಒಂದು ನಿಮಿಷವೂ ಆಗಿರಲಿಲ್ಲ.

ಇಲ್ಲಿ ಪ್ರೇಕ್ಷಕನಿಗೂ ತೀರ್ಪುಗಾರನಿಗೂ ಹಾದಿ ಬೇರೆಯಾಗುತ್ತದೆ. ನಮಗೆ ಲಾಗವೇ ದೊಡ್ಡದು, ತಲೆ ಕೆಳಗಾಯಿತೆಂದರೆ ಎದೆ ಝಲ್ಲೆನ್ನುತ್ತದೆ. ತೀರ್ಪುಗಾರರು ಬೇರೇನನ್ನೋ ಎಣಿಸುತ್ತಿರುತ್ತಾರೆ. ಎತ್ತರ ಎಷ್ಟು, ಕಸರತ್ತು ಎಷ್ಟು ಕಷ್ಟದ್ದು, ಒಂದನ್ನೇ ಎರಡು ಸಲ ಮಾಡಿದನೇ, ಚಕ್ರ ಇಳಿದಲ್ಲಿ ತಡವರಿಸಿತೇ, ಮತ್ತು ಎಡಕ್ಕೂ ಬಲಕ್ಕೂ ತಿರುಗಿದನೇ. ಈ ಕೊನೆಯದು ಮುಖ್ಯ. ಬರೆಯಲು ಒಂದು ಕೈ ಇರುವಂತೆ ತಿರುಗಲೂ ಪ್ರತಿಯೊಬ್ಬನಿಗೂ ಒಂದು ಸಹಜ ದಿಕ್ಕಿದೆ. ಅದರ ವಿರುದ್ಧ ದಿಕ್ಕಿಗೆ ಅದೇ ಕಸರತ್ತನ್ನು ಅಷ್ಟೇ ಸಲೀಸಾಗಿ ಮಾಡುವುದಕ್ಕೆ ಆಟವನ್ನು ಹೊಸದಾಗಿಯೇ ಕಲಿಯಬೇಕು. ಫೋಮ್ ತುಂಬಿದ ಗುಂಡಿಗೆ ಹಾರಿ, ಆಮೇಲೆ ಗಾಳಿಚೀಲದ ಮೇಲೆ ಇಳಿದು, ಕೊನೆಗೆ ಮಣ್ಣಿಗೆ ಬಂದು, ವರ್ಷಗಟ್ಟಲೆ ಕಲಿಯುತ್ತಾರೆ. ಗುಡ್ಡದ ಮೇಲೆ ಕೂತವರಲ್ಲಿ ಎಷ್ಟು ಜನ ಆ ವ್ಯತ್ಯಾಸ ಗುರುತಿಸುತ್ತಾರೋ! ಸವಾರರಿಗೆ ಅದರ ಚಿಂತೆಯಿಲ್ಲ. ಕೆಳಗೆ ನಿಂತ ಉಳಿದ ಸವಾರರು ಗುರುತಿಸುತ್ತಾರೆ. ವಿರುದ್ಧ ದಿಕ್ಕಿನ ತಿರುವು ಕೂಡಿಬಂದಾಗ ಮೊದಲು ಕೂಗುವವರು ಅವರೇ.

ಈ ಸಾಹಸ ಹುಟ್ಟಿದ್ದು ಮಾತ್ರ ಅಂಕಗಳಿಗೆ ಬೆನ್ನು ಹಾಕಿಯೇ. ವ್ಯಾಂಕೂವರಿನ ಉತ್ತರ ದಡದ ಬೆಟ್ಟಗಳಲ್ಲಿ ವರ್ಷದ ಬಹುಪಾಲು ಮಳೆ, ಕಾಡು ತುಂಬ ಕೆಸರು. 1990ರ ದಶಕದಲ್ಲಿ ಅಲ್ಲಿನ ಹುಡುಗರು ಬಿದ್ದ ದೇವದಾರು ಮರಗಳನ್ನು ಸೀಳಿ ಕೆಸರಿನ ಮೇಲೆ ಏಣಿಯಂಥ ಸೇತುವೆ ಕಟ್ಟಿ ಸೈಕಲ್ಲು ಹೊಡೆಯತೊಡಗಿದರು. ಸೇತುವೆ ಬರಬರುತ್ತ ಕಿರಿದಾಯಿತು, ಎತ್ತರವಾಯಿತು, ಕೊನೆಗೆ ಎಲ್ಲಿಗೂ ಮುಟ್ಟದೆ ನಡುವೆಯೇ ಮುಗಿಯತೊಡಗಿತು. ಡಿಗ್ಗರ್ ಎಂದೇ ಕರೆಸಿಕೊಳ್ಳುವ ಟಾಡ್ ಫಿಯಾಂಡರ್ ಆ ದಾರಿಗಳನ್ನು ಕಟ್ಟಿದ್ದೂ ಅಲ್ಲದೆ ಅಲ್ಲಿಯ ಸಾಹಸವನ್ನು ವಿಡಿಯೋ ಮಾಡಿ ಹಂಚಿದ. ಒಳನಾಡಿನ ಕ್ಯಾಮ್‌ಲೂಪ್ಸ್‌ನ ಒಣ ಇಳಿಜಾರುಗಳಲ್ಲಿ ವೇಡ್ ಸಿಮ್ಮನ್ಸ್, ಬ್ರೆಟ್ ಟಿಪ್ಪಿ, ರಿಚೀ ಶ್ಲೇ ಎಂಬ ಮೂವರು ಹಾರಾಡಿದ್ದು ಸಿನಿಮಾಗಳಲ್ಲಿ ಬಂತು. ಗೆರೆ ಇಲ್ಲ, ಗಡಿಯಾರ ಇಲ್ಲ, ಎಲ್ಲಿ ಬೇಕೋ ಅಲ್ಲಿ ಇಳಿ. ಅದೇ ಫ್ರೀರೈಡ್.

ಅಂಥದ್ದಕ್ಕೆ ಅಂಕಪಟ್ಟಿ ತಗುಲಿಸಿದರೆ ಉಳಿಯುವುದೇನು ಎಂದು ಆಗಲೂ ಕೇಳಿದವರಿದ್ದರು, ಈಗಲೂ ಇದ್ದಾರೆ. 2004ರಲ್ಲಿ ಮೊದಲ ಕ್ರ್ಯಾಂಕ್‌ವರ್ಕ್ಸ್ ನಡೆದಾಗ ಆ ಪ್ರಶ್ನೆಗೆ ಒಂದು ಚಂದದ ಉತ್ತರ ಸಿಕ್ಕಿತು. ಅಮೆರಿಕದ ನೆವಾಡಾದಿಂದ ಪಾಲ್ ಬಸಗೊಯ್ಟಿಯಾ ಎಂಬ ಹದಿಹರೆಯದ ಹುಡುಗ ಬಂದಿದ್ದ. ಅವನು ಪುಟ್ಟ ಚಕ್ರದ ಬಿಎಂಎಕ್ಸ್ ಸೈಕಲ್ಲಿನವನು, ಬೆಟ್ಟದ ಸೈಕಲ್ಲು ಅವನ ಬಳಿ ಇರಲೇ ಇಲ್ಲ. ಎರವಲು ತಂದ ಸೈಕಲ್ಲಿನಲ್ಲಿ ಇಳಿದ, ಗೆದ್ದ. ಮರುವರ್ಷ ಬಂದು ಮತ್ತೆ ಗೆದ್ದ. ಬೆಟ್ಟದವರ ಧೈರ್ಯಕ್ಕೆ ಬಿಎಂಎಕ್ಸ್‌ನವರ ಕೈಚಳಕ ಕೂಡಿದ್ದು ಅಲ್ಲಿಂದ ಮುಂದಕ್ಕೆ ಎದ್ದು ಕಾಣತೊಡಗಿತು.

ಈ ಅಂಗಳದ ದೊಡ್ಡ ಹೆಸರು ಬ್ರ್ಯಾಂಡನ್ ಸೆಮೆನಕ್. ಹೊರಗಿನವನಲ್ಲ, ಇದೇ ವಿಸ್ಲರಿನ ಹುಡುಗ. 2008ರಲ್ಲಿ, ಹದಿನೇಳರ ಪ್ರಾಯದಲ್ಲೇ, ಅಮೆರಿಕದ ಯೂಟಾ ಮರುಭೂಮಿಯ ಕೆಂಪು ಕಮರಿಗಳಲ್ಲಿ ನಡೆಯುವ ರೆಡ್ ಬುಲ್ ರ್‍ಯಾಂಪೇಜ್ ಗೆದ್ದು ಬಂದವನು. ಜಾಯ್‌ರೈಡನ್ನು ಐದು ಸಲ ಗೆದ್ದ. ಮಾತು ಕಡಿಮೆ, ಮುಖದಲ್ಲಿ ಗೆಲುವೂ ಅಷ್ಟಾಗಿ ಕಾಣುವುದಿಲ್ಲ. ಕೊನೆಗೆ ಈ ಅಂಗಳವನ್ನೇ ಬಿಟ್ಟ. 2015ರ 'ಅನ್‌ರಿಯಲ್' ಚಿತ್ರದಲ್ಲಿ ಅವನದೊಂದು ದೃಶ್ಯವಿದೆ. ಹುಲ್ಲುಗುಡ್ಡದ ಮೈಮೇಲೆ ತನಗಾಗಿ ಕಟ್ಟಿದ ದಾರಿಯಲ್ಲಿ, ಒಂದೂ ಕತ್ತರಿಯಿಲ್ಲದ ಒಂದೇ ಶಾಟ್‌ನಲ್ಲಿ ಇಳಿಯುತ್ತಾನೆ. ಅಂಕ ಕೊಡುವವರು ಯಾರೂ ಇಲ್ಲ. ಅದನ್ನು ನೋಡಿದಾಗಲೆಲ್ಲ, ಬಯಲಿನ ಈ ಗದ್ದಲವಿಲ್ಲದೆಯೂ ಆಟ ಪೂರ್ಣವಾಗಿದೆಯಲ್ಲ ಅನ್ನಿಸುತ್ತದೆ. ಆದರೆ ಸಾವಿರಾರು ಜನರೊಂದಿಗೆ ಭುಜ ತಾಗಿಸಿ ನಿಂತು ನೋಡುವ ಸುಖ ಪರದೆಯಲ್ಲಿಲ್ಲ. ಎರಡನ್ನೂ ಬಿಡಲು ನನಗೆ ಮನಸ್ಸಿಲ್ಲ.

ಸೆಮೆನಕ್‌ನ ನಂತರದ ಕಾಲ ಸ್ವೀಡನ್ನಿನ ಎಮಿಲ್ ಯೊಹಾನ್ಸನ್‌ನದು. 2017ರಲ್ಲಿ ಹದಿನೆಂಟರ ಹುಡುಗ ಈ ಆಟದ ವಿಶ್ವ ಸರಣಿಯ ಚಾಂಪಿಯನ್ ಆದ. ಮರುವರ್ಷ ಕಾಯಿಲೆ ಹಿಡಿಯಿತು. ದೇಹವೇ ದೇಹದ ಮೇಲೆ ತಿರುಗಿಬೀಳುವ ಬಗೆಯ ಕಾಯಿಲೆ. ಸೈಕಲ್ಲು ಹತ್ತುವುದಿರಲಿ, ಮೆಟ್ಟಿಲು ಹತ್ತುವುದೂ ಆಯಾಸ ಎನ್ನುವಂಥ ದಣಿವು. ಅವನ ಕಥೆ ಮುಗಿಯಿತೆಂದು ಅನೇಕರು ಬಗೆದರು. 2019ರಲ್ಲಿ ಮರಳಿ ಬಂದು ಜಾಯ್‌ರೈಡ್ ಗೆದ್ದ, ಆಮೇಲೆ ರೊಟೊರುವಾ, ಇನ್ಸ್‌ಬ್ರುಕ್ ಎನ್ನದೆ ಸರಣಿಯ ಕಣಗಳಲ್ಲೆಲ್ಲ ಸಾಲುಸಾಲಾಗಿ ಗೆಲ್ಲುತ್ತ ಹೋದ. ಅವನ ಸವಾರಿಯಲ್ಲಿ ಅವಸರ ಕಾಣುವುದಿಲ್ಲ. ಎಡಕ್ಕೆ ತಿರುಗಿದ್ದು ಯಾವುದು, ಬಲಕ್ಕೆ ಯಾವುದು, ಅವನ ಸಹಜ ದಿಕ್ಕು ಯಾವುದು ಎಂದು ಪಳಗಿದ ಕಣ್ಣೂ ಗೊಂದಲಗೊಳ್ಳುತ್ತದೆ. ಇಳಿದಾಗ ಮಣ್ಣಿನಿಂದ ಸದ್ದೇ ಬರುವುದಿಲ್ಲವೇನೋ ಅನ್ನಿಸುವಷ್ಟು ನಯ.

ಬೀಳುವವರೂ ಇದ್ದಾರೆ, ದಿನಕ್ಕೆ ಹಲವರು. ಗಾಳಿಯಲ್ಲೇ ಏನೋ ತಪ್ಪಿತೆಂದು ಅರಿತವನು ಸೈಕಲ್ಲನ್ನು ದೂರಕ್ಕೆ ಒದೆಯುತ್ತಾನೆ, ಅದು ಬೇಲಿಯ ಕಡೆಗೆ, ತಾನು ಇಳಿಜಾರಿನ ಕಡೆಗೆ. ಉರುಳಿ ಎದ್ದು ಕೈ ಎತ್ತಿದರೆ ಗಂಟೆಗಳು ಮೊಳಗುತ್ತವೆ. ಎದ್ದೇಳದಿದ್ದರೆ ಸಂಗೀತ ನಿಲ್ಲುತ್ತದೆ, ಕೆಂಪು ಅಂಗಿಯವರು ಓಡುತ್ತಾರೆ, ದೊಡ್ಡ ಪರದೆಯಲ್ಲಿ ಜಾಹೀರಾತು ಬರುತ್ತದೆ. ಎರವಲು ಸೈಕಲ್ಲಿನಲ್ಲಿ ಗೆದ್ದ ಆ ಬಸಗೊಯ್ಟಿಯಾ 2015ರ ರ್‍ಯಾಂಪೇಜ್‌ನಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ. ಕಾಲುಗಳು ಸ್ವಾಧೀನ ತಪ್ಪಿದವು. ಮತ್ತೆ ನಿಲ್ಲಲು, ನಡೆಯಲು ಅವನು ಪಟ್ಟ ಪಾಡನ್ನು ತಾನೇ ಕ್ಯಾಮೆರಾ ಹಿಡಿದು ದಾಖಲಿಸಿದ್ದು 2019ರಲ್ಲಿ 'ಎನಿ ಒನ್ ಆಫ್ ಅಸ್' ಎಂಬ ಸಾಕ್ಷ್ಯಚಿತ್ರವಾಗಿ ಬಂತು. ಈ ಆಟವನ್ನು ಹೊಗಳುವವರು ಮೊದಲು ಅದನ್ನು ನೋಡಿ ಬರಬೇಕು. ನೋಡಿದ ಮೇಲೂ ಹೊಗಳಬೇಕೆನ್ನಿಸಿದರೆ ಹೊಗಳಬಹುದು, ನಾನೂ ಹಾಗೆ ಹೊಗಳುವವನೇ. ಆದರೆ ಜಾಹೀರಾತು ಹಾಕುವ ಆ ಪರದೆಯ ಬಗ್ಗೆ ನನ್ನ ತಕರಾರು ಉಳಿಯುತ್ತದೆ. ಹಾರಾಟದಷ್ಟೇ ಬೀಳುವುದೂ ಈ ಮಣ್ಣಿನದು.

ಇಷ್ಟು ವರ್ಷ ಹುಡುಗರದ್ದೇ ಆಗಿದ್ದ ಅಟ್ಟಣೆಗೆ ಹುಡುಗಿಯರೂ ಏರಿದ್ದು ತೀರಾ ತಡವಾಗಿ. 2024ರ ವಿಶ್ವ ಸರಣಿಯಲ್ಲಿ ಮಹಿಳೆಯರ ಸ್ಲೋಪ್‌ಸ್ಟೈಲ್ ಸೇರಿತು. ಅದೇ ವರ್ಷ ಯೂಟಾದ ರ್‍ಯಾಂಪೇಜ್ ಕೂಡ ಮೊದಲ ಬಾರಿಗೆ ಮಹಿಳೆಯರ ವಿಭಾಗ ತೆರೆಯಿತು, ನ್ಯೂಜಿಲೆಂಡಿನ ರಾಬಿನ್ ಗೂಮ್ಸ್ ಗೆದ್ದಳು. ಬೇಲಿಗೆ ಒರಗಿದ ಪುಟ್ಟ ಹುಡುಗಿಯರ ಹೆಲ್ಮೆಟ್ಟುಗಳ ಮೇಲೆ ಈಗ ಮಹಿಳಾ ಸವಾರರ ಸಹಿಗಳೂ ಕಾಣುತ್ತವೆ.

ಎರಡನೆಯ ಸುತ್ತು. ಬಿಸಿಲು ಓರೆಯಾಗಿದೆ, ದಿಬ್ಬಗಳ ನೆರಳು ದಿಬ್ಬಗಳಿಗಿಂತ ಉದ್ದ. ಮೊದಲ ಸುತ್ತಿನಲ್ಲಿ ಮೇಲೆ ನಿಂತವರು ಕಾಯ್ದುಕೊಳ್ಳಬೇಕು, ಬಿದ್ದವರಿಗೆ ಕಳೆದುಕೊಳ್ಳಲು ಏನೂ ಉಳಿದಿಲ್ಲ. ಮೊದಲಿಗೆ ವೇಗ ಸಾಲದೆ ಹಿಂದೆ ಸರಿದಿದ್ದ ಆ ಹುಡುಗ ಈ ಸಲ ಎರಡನೆಯ ದಿಬ್ಬದಲ್ಲಿ ಒಂದು ಕಸರತ್ತು ಕಡಿಮೆ ಮಾಡಿದ, ಚಕ್ರ ನೇರ ಇಳಿಯಿತು. ಉಳಿಸಿಕೊಂಡ ಆ ವೇಗದಲ್ಲಿ ಕೊನೆಯ ದಿಬ್ಬದ ತುದಿ ಬಿಟ್ಟಾಗ ಮೈಯನ್ನು ಓರೆಯಾಗಿಸಿ ಎರಡು ಪೂರ್ತಿ ಸುತ್ತು ತಿರುಗಿಸಿದ. ಮಂಡಿ ಮಡಚಿ ಕುಗ್ಗಿದಾಗ ತಿರುಗು ಚುರುಕಾಯಿತು, ಕೈಕಾಲು ಬಿಚ್ಚಿದಾಗ ನಿಧಾನವಾಯಿತು, ಕೊನೆಯ ಕಾಲು ಸುತ್ತಿನಲ್ಲಷ್ಟೇ ಅವನಿಗೆ ನೆಲ ಕಂಡಿರಬೇಕು. ಇಳಿದ. ಪಕ್ಕದಲ್ಲಿದ್ದ ಅಜ್ಜನೊಬ್ಬ ತನ್ನ ಬೀಯರ್ ಲೋಟ ಕೈಯಲ್ಲಿದೆ ಎಂಬುದನ್ನು ಮರೆತು ಚಪ್ಪಾಳೆ ತಟ್ಟಿದ. ಅಂಕ ಬಂತು, ಎರಡನೆಯ ಸ್ಥಾನ. ಅಜ್ಜ ನನ್ನ ಅಂಗಿಯನ್ನು ಒರೆಸುತ್ತ ತೀರ್ಪುಗಾರರನ್ನು ಬೈದ.

ಉಳಿದವರೆಲ್ಲ ಇಳಿದಾಯಿತು. ಮೇಲೆ ಉಳಿದ ಕೊನೆಯವನ ಮೊದಲ ಸುತ್ತಿನ ಅಂಕವನ್ನು ಯಾರೂ ಮೀರಲಿಲ್ಲವಾದ್ದರಿಂದ ಅವನು ಇಳಿಯುವ ಮೊದಲೇ ಗೆದ್ದಿದ್ದಾನೆ. ಇನ್ನವನು ಅಂಕಕ್ಕಾಗಿ ಇಳಿಯಬೇಕಿಲ್ಲ. ಹೀಗಾದಾಗ ಗೆದ್ದವನು ಸುಮ್ಮನೆ ಸಂತೋಷಕ್ಕೆ ಒಂದು ಓಟ ಓಡುವುದು ವಾಡಿಕೆ. ಅವನು ಅಟ್ಟಣೆಯಿಂದ ಜಾರಿದ. ಮೊದಲ ದಿಬ್ಬದಲ್ಲಿ ಲಾಗವಿಲ್ಲ, ಸುತ್ತಿಲ್ಲ. ಸೈಕಲ್ಲನ್ನು ಗಾಳಿಯಲ್ಲಿ ಅಡ್ಡಡ್ಡ ಮಲಗಿಸಿ ಮತ್ತೆ ನೆಟ್ಟಗೆ ತಂದ. ಎರಡನೆಯದರಲ್ಲಿ ಎರಡೂ ಕೈ ಬಿಟ್ಟು ಜನರತ್ತ ಚಾಚಿದ. ಮೂರನೆಯದಕ್ಕೆ ಬರುವಷ್ಟರಲ್ಲಿ ಸೋತವರೆಲ್ಲ ಕೆಳಗಿನ ದಿಬ್ಬದ ಬಳಿ ಕೈಗೆ ಸಿಕ್ಕ ಬಾಟಲಿಗಳನ್ನು ಕುಲುಕಿಕೊಂಡು ನಿಂತಿದ್ದರು. ಗಂಟೆಗಳ ಸದ್ದಿನಲ್ಲಿ ಧ್ವನಿವರ್ಧಕದವನ ಮಾತು ಒಂದೂ ಕೇಳಲಿಲ್ಲ. ಸಲಿಕೆಯವರು ಮಾತ್ರ ಗಂಟೆಯನ್ನೂ ಬಾಟಲಿಯನ್ನೂ ಮುಟ್ಟಲಿಲ್ಲ. ಕೊನೆಯ ದಿಬ್ಬದ ಇಳಿಜಾರಿನಲ್ಲಿ ಸಂಜೆಯಿಂದ ಬಿದ್ದಿದ್ದ ಚಕ್ರದ ಗೆರೆಗಳ ಕಡೆ ಒಬ್ಬ ಇನ್ನೊಬ್ಬನಿಗೆ ಬೆರಳು ತೋರಿಸುತ್ತಿದ್ದ. ಅಷ್ಟರಲ್ಲಿ ಗೆದ್ದವನು ಅವರ ತಲೆಯ ಮೇಲೆಯೇ ಹಾರಿ ಹೋಗಿ ಬಾಟಲಿಗಳ ನಡುವೆ ಇಳಿದು, ಸೈಕಲ್ಲು ಒಂದು ಕಡೆ, ತಾನೊಂದು ಕಡೆಯಾಗಿ ಗೆಳೆಯರ ಮೈಮೇಲೆ ಬಿದ್ದ.